ಹತ್ತು ಲೀಟರ್ ನೀರಿನ ತೂಕ

ಚೆನ್ನೈ

ಮೂವತ್ತನಾಲ್ಕು ವರ್ಷ ನಾನು ರೈಲ್ವೆಯಲ್ಲಿ ತೂಕದ ಯಂತ್ರಗಳನ್ನು ನೋಡಿಕೊಂಡವನು. ಪಾರ್ಸೆಲ್ ಆಫೀಸಿನ ದೊಡ್ಡ ಹಲಗೆಯ ತಕ್ಕಡಿಗಳನ್ನು ಬಿಚ್ಚುವುದು, ತುಕ್ಕು ಒರೆಸುವುದು, ಮತ್ತೆ ಜೋಡಿಸಿ ಸರಿ ಇದೆ ಎಂದು ಸಹಿ ಹಾಕುವುದು, ಇಷ್ಟೇ ಕೆಲಸ. ಅದರಲ್ಲಿ ಹದಿನಾರು ವರ್ಷ ಎಗ್ಮೋರ್‌ನಲ್ಲಿಯೇ ಕಳೆದವು. ಇಂಥವನು ಅರವತ್ತೆರಡನೆಯ ವಯಸ್ಸಿಗೆ ಮೊದಲ ಸಲ ವಿಮಾನ ಹತ್ತಲು ಹೋದರೆ, ನನ್ನ ಪೆಟ್ಟಿಗೆಯೇ ತೂಕ ಹೆಚ್ಚಾಗಿ ಸಿಕ್ಕಿಬಿತ್ತು.

ಹೊರಟಿದ್ದು ಶ್ರೀಲಂಕಾದ ಜಾಫ್ನಾಕ್ಕೆ. ಚೆನ್ನೈನಿಂದ ಒಂದು ಗಂಟೆ ಚಿಲ್ಲರೆಯ ಹಾದಿ. ವಿಮಾನ ಚಿಕ್ಕದು, ಸಾಮಾನಿನ ಮಿತಿಯೂ ಚಿಕ್ಕದು. ನನ್ನ ಪೆಟ್ಟಿಗೆಯಲ್ಲಿ ಇದ್ದದ್ದು ಎರಡು ಜೊತೆ ಬಟ್ಟೆ, ಹೆಂಡತಿ ಸುಮಿತ್ರಾ ಕಟ್ಟಿಕೊಟ್ಟ ಚಟ್ನಿಪುಡಿ, ಅವಲಕ್ಕಿ, ಮತ್ತು ಹನ್ನೆರಡು ಕಿಲೋ ತೂಕದ ಬಟ್ಟುಗಳು. ನಾನು ಹೋಗುತ್ತಿದ್ದದ್ದೇ ತಕ್ಕಡಿ ಪರೀಕ್ಷೆಗೆ. ಬಟ್ಟು ಇಲ್ಲದೆ ಹೋದರೆ ಕತ್ತರಿ ಇಲ್ಲದ ದರ್ಜಿಯ ಸ್ಥಿತಿ.

ಕೌಂಟರಿನ ಹುಡುಗಿ ಬಹಳ ವಿನಯದಿಂದಲೇ ಆಗುವುದಿಲ್ಲ ಎಂದಳು. ಕೈಚೀಲದಲ್ಲಿ ಒಯ್ಯುತ್ತೇನೆ ಎಂದೆ. ಕಬ್ಬಿಣದ ಗುಂಡುಗಳನ್ನು ಒಳಗೆ ಬಿಡುವುದಿಲ್ಲ ಸಾರ್ ಎಂದಳು. ಬೀಳ್ಕೊಡಲು ಬಂದಿದ್ದ ಸುಮಿತ್ರಾ ಹಗ್ಗದ ಆಚೆಯಿಂದಲೇ ಕೂಗಿದಳು. ಮದ್ರಾಸಿಗೆ ಬಂದು ಎರಡು ತಲೆಮಾರಾದರೂ ಅವಳ ಮನೆಯ ಹುಬ್ಬಳ್ಳಿ ಮಾತು ಹೋಗಿಲ್ಲ. ನಡುನಡುವೆ ತಮಿಳು ಸೇರಿಕೊಂಡಿದೆ, ಅಷ್ಟೆ.

"ನಾ ಮೊದಲ ಹೇಳಿದ್ನಿಲ್ಲೋ, ಆ ಕಬ್ಬಿಣಾ ಬ್ಯಾಡ ಅಂತ? ಸೀಕ್ರಂ, ಲಗೂನ ತಗೀರಿ, ಹಿಂದ ಎಷ್ಟ ಮಂದಿ ನಿಂತಾರ ನೋಡ್ರಿ."

"ಅವಲಕ್ಕಿ ತಗದ್ರ ಸಾಲ್ತಿತ್ತೇನೋ," ಎಂದೆ.

"ಅವಲಕ್ಕಿಗೆ ಎಷ್ಟ ತೂಕ ಇರ್ತದ ಅಂತ ನಿಮಗ ನಾ ಹೇಳಬೇಕೇನು?"

ಮಗಳು ವಸುಧಾ ಹಗ್ಗದ ಅಡಿಯಿಂದ ಕೈಚಾಚಿ ಬಟ್ಟುಗಳ ಚೀಲವನ್ನು ಎಳೆದುಕೊಂಡಳು. "ಅಪ್ಪಾ, ವೆಯ್ಟ್ಸ್ ಎಲ್ಲಾಂ ನಾನ್ ವೀಟ್ಟುಕ್ಕು ಎಡುತ್ತುಟ್ಟು ಪೋರೇನ್. ಅಲ್ಲಿ ಹೋಗಿ ಏನಾದರೂ ಮ್ಯಾನೇಜ್ ಮಾಡಿ." ಬಟ್ಟು ಮನೆಗೆ, ನಾನು ಪರದೇಶಕ್ಕೆ.

ನನ್ನನ್ನು ಈ ಪ್ರವಾಸಕ್ಕೆ ದಬ್ಬಿದವಳು ಇವಳೇ. ವಸುಧಾ ಬೆಸೆಂಟ್ ನಗರದ ಒಂದು ಸಣ್ಣ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಬಡ ದೇಶಗಳ ಹಳ್ಳಿಗಳಲ್ಲಿ ಮಕ್ಕಳನ್ನು ತೂಗಿ, ಅಳೆದು ಬರೆದಿಟ್ಟ ಅಂಕಿಗಳು ಅಲ್ಲಿಗೆ ಬರುತ್ತವೆ. ಅವು ನಂಬುವಂಥವೇ ಎಂದು ನೋಡುವುದು ಅವಳ ಪಾಲಿನ ಕೆಲಸ. ಒಂದು ಸಂಜೆ ಊಟಕ್ಕೆ ಕೂತಾಗ ಹೇಳಿದಳು: "ಅಪ್ಪಾ, ಮಕ್ಕಳಿಗೆ ಕೊಡೋಕೆ ಪೌಷ್ಟಿಕ ಹಿಟ್ಟು ಇದೆ, ಕೊಡೋ ಜನ ಇದ್ದಾರೆ. ಯಾವ ಊರಿಗೆ ಮೊದಲು ಕೊಡಬೇಕು ಅನ್ನೋದೇ ಗೊತ್ತಾಗಲ್ಲ. ಯಾಕಂದ್ರೆ ರಿಜಿಸ್ಟರನ್ನ ನಂಬೋ ಹಾಗಿಲ್ಲ."

ಜಾಫ್ನಾದ ಪಕ್ಕದ ದ್ವೀಪಗಳಿಂದ ಬಂದ ಲೆಕ್ಕದಲ್ಲಿ ಒಂದು ವಿಚಿತ್ರ ಕಂಡಿತ್ತು. ಆ ದೇಶದ ಹಣದ ಬಿಕ್ಕಟ್ಟಿನ ನಂತರ ಸುತ್ತಲಿನ ದ್ವೀಪಗಳಲ್ಲೆಲ್ಲ ಮಕ್ಕಳ ತೂಕ ಇಳಿದಿತ್ತು. ಒಂದೇ ಒಂದು ಪುಟ್ಟ ದ್ವೀಪದಲ್ಲಿ ಮಕ್ಕಳು ದುಂಡಗಿದ್ದರು. ಹಾಗಾಗಿ ಆ ದ್ವೀಪ ಹಿಟ್ಟು ಹಂಚುವ ಪಟ್ಟಿಯಿಂದ ಹೊರಗೆ ಉಳಿದಿತ್ತು. ಅಲ್ಲಿ ಮಕ್ಕಳನ್ನು ತೂಗಿ ಬರೆಯಬೇಕಾದ ಸರ್ಕಾರಿ ಸೂಲಗಿತ್ತಿ ತೂಗದೆ ಮನೆಯಲ್ಲಿ ಕೂತೇ ಅಂಕಿ ಬರೆಯುತ್ತಾಳೆ ಎಂಬ ಗುಮಾನಿ ಹುಟ್ಟಿತ್ತು. ವಸುಧಾ, "ಮನುಷ್ಯರನ್ನು ಕೇಳುವ ಮೊದಲು ತಕ್ಕಡಿಯನ್ನು ಕೇಳೋಣ, ನಮ್ಮಪ್ಪ ಇದ್ದಾರೆ," ಎಂದು ಅಲ್ಲಿಯವರಿಗೆ ಪತ್ರ ಬರೆದುಬಿಟ್ಟಿದ್ದಳು.

ಆ ಮಾತು ಅವಳು ನನ್ನಿಂದ ಕಲಿತದ್ದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ನಿಲ್ದಾಣದಲ್ಲಿ, ತೂಕ ಕಡಿಮೆ ಬರೆಯುತ್ತಾನೆ ಎಂದು ಒಬ್ಬ ಗುಮಾಸ್ತನನ್ನು ಎರಡು ತಿಂಗಳು ಮನೆಗೆ ಕಳಿಸಿದ್ದರು. ಆಮೇಲೆ ಹಲಗೆ ಎತ್ತಿ ನೋಡಿದರೆ ಅಡಿಯಲ್ಲಿ ಇಲಿಗಳು ಗೂಡು ಕಟ್ಟಿದ್ದವು, ಹಲಗೆ ಪೂರ್ತಿ ಕೆಳಗಿಳಿಯುತ್ತಲೇ ಇರಲಿಲ್ಲ. ಆ ಮನುಷ್ಯ ಮರಳಿ ಬಂದ. ಆದರೆ ಮೊದಲಿನಂತೆ ಯಾರೊಂದಿಗೂ ಮಾತಾಡಲಿಲ್ಲ.

ಜಾಫ್ನಾ

ಮೇಲಿಂದ ನೋಡಿದರೆ ಜಾಫ್ನಾ ಎಂದರೆ ತಾಳೆಮರ. ನಮ್ಮಲ್ಲಿ ತೆಂಗು ನಿಂತ ಕಡೆಯೆಲ್ಲ ಅಲ್ಲಿ ತಾಳೆ ನಿಂತಿದೆ. ಕೆಳಗಿಳಿದರೆ ಸೈಕಲ್. ಬ್ಯಾಂಕಿಗೆ ಹೋಗುವ ಹೆಂಗಸು, ಶಾಲೆಯ ಹೆಡ್‌ಮಾಸ್ಟರು, ಪೂಜಾರಿ, ಎಲ್ಲರೂ ಬೆನ್ನು ನೆಟ್ಟಗೆ ಮಾಡಿಕೊಂಡು ಗಂಭೀರವಾಗಿ ಸೈಕಲ್ ತುಳಿಯುತ್ತಾರೆ. ಹಾರ್ನ್ ಇಲ್ಲದ ರಸ್ತೆಯಲ್ಲಿ ನನಗೆ ಮೊದಲ ದಿನ ಕಿವಿಯಲ್ಲಿ ಏನೋ ಕೆಟ್ಟಿದೆ ಅನ್ನಿಸಿತು.

ತಮಿಳುನಾಡಿನಲ್ಲಿ ಹುಟ್ಟಿ ಬೆಳೆದವನಿಗೆ ತಮಿಳು ಊರಿನಲ್ಲಿ ಏನು ತೊಂದರೆ ಎಂದುಕೊಂಡಿದ್ದೆ. ತೊಂದರೆ ಮೊದಲ ಮಾತಿಗೇ ಶುರುವಾಯಿತು. ನನ್ನನ್ನು ಕರೆದೊಯ್ಯಲು ಬಂದವನು ನಿರೋಷನ್, ಅಲ್ಲಿ ಈ ಕೆಲಸದ ಉಸ್ತುವಾರಿ ನೋಡಿಕೊಳ್ಳುವ ನಲವತ್ತರ ಆಸುಪಾಸಿನ ಮನುಷ್ಯ. ನೀವೇ ನಿರೋಷನ್ನಾ ಎಂದು ಕೇಳಿದೆ. ಅವನು ಕೈಮುಗಿದು "ಓಂ" ಎಂದ. ದೈವಭಕ್ತ ಎಂದುಕೊಂಡೆ. ದಾರಿ ದೂರವೇ ಎಂದರೂ ಓಂ, ಬಿಸಿಲು ಜಾಸ್ತಿಯೇ ಎಂದರೂ ಓಂ. ಅಲ್ಲಿ ಹೌದು ಎನ್ನುವುದಕ್ಕೆ ಓಂ ಅನ್ನುತ್ತಾರೆ ಎಂದು ತಿಳಿಯುವ ಹೊತ್ತಿಗೆ ನಾನೂ ನಾಲ್ಕು ಸಲ ಭಕ್ತಿಯಿಂದ ಓಂ ಎಂದು ಮರುನುಡಿದಿದ್ದೆ.

ಮಾತಾಡುವುದಕ್ಕೆ ಅವರು 'ಕದೈ' ಎನ್ನುತ್ತಾರೆ. ನಮಗೆ ಅದು ಕತೆ. "ಸೂಲಗಿತ್ತಿಯ ಜೊತೆ ನೀವೇ ಕತೆ ಹೇಳಿ" ಎಂಬಂತೆ ನನಗೆ ಕೇಳಿಸಿ, ನಾನು ಯಾಕಪ್ಪಾ ಕತೆ ಹೇಳಬೇಕು ಎಂದು ಬೆಪ್ಪಾದೆ. ನನ್ನ ಮದ್ರಾಸು ತಮಿಳು ಕೇಳಿ ಅವನಿಗೂ ನಗು. "ಐಯಾ, ನೀವು ಸಿನಿಮಾದೊಳಗಿಂದ ಮಾತಾಡಿದ ಹಾಗಿದೆ," ಎಂದ. ಅಲ್ಲಿ ನಡೆದ ಮಾತೆಲ್ಲ ತಮಿಳಿನಲ್ಲಿ. ನಾನು ತಿಳಿದುಕೊಂಡಂತೆ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ಅಂಗಡಿಯಲ್ಲಿ ಹಾಲಿಲ್ಲದ ಚಹಾ ಕೊಟ್ಟರು, ಸಕ್ಕರೆಯೂ ಇಲ್ಲ. ತಟ್ಟೆಯ ಅಂಚಿನಲ್ಲಿ ತಾಳೆಬೆಲ್ಲದ ಒಂದು ತುಣುಕು. ನಾನು ಅದನ್ನು ಚಹಾಕ್ಕೆ ಹಾಕಿ ಕದಡಲು ಚಮಚ ಕೇಳಿದೆ. ಪಕ್ಕದ ಮೇಜಿನ ಇಬ್ಬರು ನನ್ನನ್ನೇ ನೋಡಿದರು. ಬೆಲ್ಲವನ್ನು ಚೂರು ಕಚ್ಚಿ ಚಹಾ ಗುಟುಕರಿಸಬೇಕು. ಎರಡನೆಯ ಲೋಟದ ಹೊತ್ತಿಗೆ ನನಗೂ ಹದ ಸಿಕ್ಕಿತು.

ಚಹಾ ಕುಡಿಯುತ್ತ ನಿರೋಷನ್ ಆ ಸೂಲಗಿತ್ತಿಯ ವಿಷಯ ಎತ್ತಿದ. ಹೆಸರು ಪುಷ್ಪರಾಣಿ. ದ್ವೀಪದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಅವರ ಹೆಸರೂ ನಿಜವಾದದ್ದಲ್ಲ.

"ಕೆಟ್ಟವರಲ್ಲ ಐಯಾ. ಆದರೆ ಒಬ್ಬರೇ ಇಷ್ಟೊಂದು ಮನೆ ಸುತ್ತಬೇಕು. ಸುಸ್ತಾಗಿ ಕಳೆದ ತಿಂಗಳ ಅಂಕಿಗೆ ಸ್ವಲ್ಪ ಸೇರಿಸಿ ಬರೆದರೆ ಯಾರಿಗೆ ಗೊತ್ತಾಗುತ್ತೆ? ನೀವು ತಕ್ಕಡಿ ಸರಿ ಇದೆ ಅಂತ ಬರೆದುಕೊಟ್ಟರೆ ನಾವು ಮುಂದಿನ ಕ್ರಮ ತಗೋಬೇಕಾಗುತ್ತೆ."

ನಾನು ಲೋಟ ಕೆಳಗಿಟ್ಟೆ. ನಾನು ತಕ್ಕಡಿ ನೋಡಲು ಬಂದವನು. ನನ್ನ ಸಹಿಯ ಮೇಲೆ ಒಬ್ಬ ಹೆಂಗಸಿನ ಕೆಲಸ ನಿಂತಿದೆ ಎಂದು ಯಾರೂ ಹೇಳಿರಲಿಲ್ಲ. ಮೇಲಾಗಿ ನನ್ನ ಬಟ್ಟುಗಳು ಮನೆಯಲ್ಲಿ ಮಂಚದ ಕೆಳಗಿದ್ದವು.

ದಿನಸಿ ಅಂಗಡಿಯ ಬಟ್ಟು ಕೇಳೋಣ ಎಂದ ನಿರೋಷನ್. ಅವು ಸವೆದಿರುತ್ತವೆ, ನಂಬಿಕೆಯಿಲ್ಲ. ಆ ಮಧ್ಯಾಹ್ನ ಕೋಣೆಯಲ್ಲಿ ಕೂತು ಯೋಚಿಸುತ್ತಿದ್ದಾಗ ಮೇಜಿನ ಮೇಲಿನ ನೀರಿನ ಬಾಟಲಿ ಕಣ್ಣಿಗೆ ಬಿತ್ತು. ಶಾಲೆಯಲ್ಲಿ ಓದಿದ್ದೇ: ಒಂದು ಲೀಟರ್ ನೀರು, ಒಂದು ಕಿಲೋ. ಅಲ್ಲಿಯ ಸೆಕೆಗೆ ಲೀಟರಿಗೆ ನಾಲ್ಕು ಗ್ರಾಂ ಕಡಿಮೆ ಬಂದೀತು. ನನ್ನ ಕೆಲಸಕ್ಕೆ ಆ ನಾಲ್ಕು ಗ್ರಾಂ ಲೆಕ್ಕಕ್ಕಿಲ್ಲ. ನಿರೋಷನ್ ಒಂದು ಔಷಧಿ ಅಂಗಡಿಯಿಂದ ಗೆರೆ ಹಾಕಿದ ಗಾಜಿನ ಅಳತೆಯ ಕೊಳವೆಯನ್ನು ಬೇಡಿ ತಂದ. ಎರಡು ಪ್ಲಾಸ್ಟಿಕ್ ಕ್ಯಾನು ಕೊಂಡೆವು. ನೀರು ಮಾತ್ರ ದ್ವೀಪದ ಬಾವಿಯದು ಬೇಡ, ಉಪ್ಪು ನೀರಿಗೆ ತೂಕ ಹೆಚ್ಚು ಎಂದು ಇಲ್ಲಿಂದಲೇ ತುಂಬಿಕೊಂಡೆವು.

ದೋಣಿ

ಜಾಫ್ನಾದಿಂದ ದ್ವೀಪಗಳ ಕಡೆಗೆ ಹೋಗುವ ರಸ್ತೆ ಸಮುದ್ರದ ಮೇಲೆಯೇ ಹಾಸಿದಂತಿದೆ. ಎರಡೂ ಬದಿ ಮೊಣಕಾಲುದ್ದ ನೀರು, ಅದರಲ್ಲಿ ಬಲೆ ಕಟ್ಟಿದ ಕೋಲುಗಳು. ನಮ್ಮ ಚೆನ್ನೈನ ರಾಯಪುರಂ ಕಡಲನ್ನು ಕಂಡವನಿಗೆ ಇದು ಕಡಲೇ ಅಲ್ಲ. ಅಲೆಯಿಲ್ಲ, ಸದ್ದಿಲ್ಲ, ಕ್ರೇನುಗಳಿಲ್ಲ.

ರಸ್ತೆ ಮುಗಿದಲ್ಲಿ ದೋಣಿ. ಅದರಲ್ಲಿ ಒಂದು ಮೋಟಾರ್ ಬೈಕು, ಎರಡು ಗ್ಯಾಸ್ ಸಿಲಿಂಡರು, ಈರುಳ್ಳಿ ಮೂಟೆ, ಒಂದು ಆಡು, ಮತ್ತು ನಾವು. ನನ್ನ ಎರಡು ನೀರಿನ ಕ್ಯಾನುಗಳನ್ನು ಮಡಿಲ ಮಗುವಿನಂತೆ ಹಿಡಿದುಕೊಂಡಿದ್ದೆ. ಎದುರು ಕೂತ ಅಜ್ಜಿ ಬಹಳ ಹೊತ್ತು ನೋಡಿ ಪಕ್ಕದವಳಿಗೆ ಹೇಳಿದಳು:

"ಇಂಡಿಯಾದವರಂತೆ. ನಮ್ಮ ನೀರು ಕುಡಿಯೋದಿಲ್ಲವಂತೆ, ಹೊತ್ತುಕೊಂಡೇ ಬಂದಿದ್ದಾರೆ."

ಅದು ಕುಡಿಯುವುದಕ್ಕಲ್ಲ, ತೂಗುವುದಕ್ಕೆ ಎಂದೆ. ದೋಣಿಯವರೆಲ್ಲ ತಿರುಗಿ ಕ್ಯಾನುಗಳನ್ನು ನೋಡಿದರು. ಅವರ ಮೊದಲಿನ ಊಹೆಯೇ ವಾಸಿ ಇತ್ತು. ಅಜ್ಜಿ ತನ್ನ ಚೀಲದಿಂದ ಬಾಟಲಿ ತೆಗೆದು ಮುಂದೆ ಚಾಚಿದಳು. "ಕುಡಿ ಐಯಾ, ನಮ್ಮ ಬಾವಿಯದು." ಕುಡಿದೆ. ಮಜ್ಜಿಗೆಗೆ ಉಪ್ಪು ಹಾಕಿ ಮಜ್ಜಿಗೆಯನ್ನೇ ಮರೆತಂತೆ ಇತ್ತು. ಚೆನ್ನಾಗಿದೆ ಎಂದೆ. ಇಡೀ ದೋಣಿ ನಕ್ಕಿತು. ಅಜ್ಜಿ ಎಲ್ಲರಿಗಿಂತ ಜೋರಾಗಿ ನಕ್ಕಳು.

ಪುಷ್ಪರಾಣಿಯ ಕೋಣೆ

ಪುಷ್ಪರಾಣಿ ಐವತ್ತು ದಾಟಿದ ಹೆಂಗಸು. ಬಿಳಿ ಸಮವಸ್ತ್ರ, ಹಿಂದಕ್ಕೆ ಬಿಗಿದ ಕೂದಲು, ಬಿಸಿಲಲ್ಲಿ ಸೈಕಲ್ ತುಳಿದು ಕಪ್ಪಾದ ಕೈ. ಊರಿನವರು ಮಿಸ್ಸಿ ಎನ್ನುತ್ತಾರೆ. ಅಲ್ಲಿ ನರ್ಸು, ಸೂಲಗಿತ್ತಿ ಎಲ್ಲರೂ ಮಿಸ್ಸಿಯೇ. ನಾವು ಯಾಕೆ ಬಂದೆವು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಚಹಾ ಕೊಟ್ಟರು, ಬೆಲ್ಲ ಕೊಟ್ಟರು, ಮುಖ ಕೊಡಲಿಲ್ಲ.

"ನೋಡಿ ಐಯಾ," ಎಂದು ತಕ್ಕಡಿಯನ್ನು ತೋರಿಸಿದರು. ಗಡಿಯಾರದಂಥ ದುಂಡು ಮುಖದ ಸ್ಪ್ರಿಂಗ್ ತಕ್ಕಡಿ. ತೊಲೆಗೆ ನೇತುಹಾಕಿ, ಕೆಳಗೆ ಬಟ್ಟೆಯ ಚಡ್ಡಿಯಂಥ ಜೋಲಿಯಲ್ಲಿ ಮಗುವನ್ನು ಕೂರಿಸುವಂಥದ್ದು. "ಪ್ರತಿ ತಿಂಗಳೂ ತೂಗುವ ಮೊದಲು ನಾನು ಪರೀಕ್ಷೆ ಮಾಡ್ತೀನಿ. ಯಾರೂ ಹೇಳಿಕೊಟ್ಟಿದ್ದಲ್ಲ, ನಾನೇ ಮಾಡ್ಕೊಂಡಿದ್ದು."

ಅಂಗಡಿಯ ಒಂದು ಕಿಲೋ ಸಕ್ಕರೆ ಪೊಟ್ಟಣವನ್ನು ಜೋಲಿಯಲ್ಲಿಟ್ಟರು. ಮುಳ್ಳು ಒಂದರ ಗೆರೆಯ ಹತ್ತಿರ ನಿಂತಿತು. ಅವರು ನಿರೋಷನ್ ಕಡೆ ತಿರುಗಿ ಮುಳ್ಳಿನತ್ತ ಬೆರಳು ತೋರಿಸಿದರು.

ನಾನು ಹತ್ತಿರ ಹೋಗಿ ಕನ್ನಡಕ ಏರಿಸಿ ನೋಡಿದೆ. ಮುಳ್ಳು ಒಂದನ್ನು ದಾಟಿತ್ತು, ಆದರೆ ನೂರು ಗ್ರಾಮಿನ ಮುಂದಿನ ಸಣ್ಣ ಗೆರೆಯನ್ನು ಮುಟ್ಟಿರಲಿಲ್ಲ. ಅಷ್ಟು ವ್ಯತ್ಯಾಸವನ್ನು ಪೊಟ್ಟಣದ್ದೋ ಜೋಲಿಯದ್ದೋ ಎಂದು ಯಾರಾದರೂ ಬಿಟ್ಟುಬಿಡುತ್ತಾರೆ. ಮಕ್ಕಳು ಒಂದು ಕಿಲೋ ಇರುವುದಿಲ್ಲವಲ್ಲ. ಎಂಟು, ಹತ್ತು, ಹನ್ನೆರಡು ಇರುತ್ತವೆ. ತಕ್ಕಡಿಯನ್ನು ಅದು ಹೊರುವ ಭಾರದಲ್ಲೇ ಪರೀಕ್ಷಿಸಬೇಕು ಎಂಬುದು ನಮ್ಮ ಕೆಲಸದ ಮೊದಲ ಪಾಠ.

ಖಾಲಿ ಕ್ಯಾನು ತೂಗುಹಾಕಿ, ಮುಳ್ಳನ್ನು ಸೊನ್ನೆಗೆ ತಂದೆ. ಕೊಳವೆಯಲ್ಲಿ ಅಳೆದು ಅಳೆದು ಎರಡು ಲೀಟರ್ ಸುರಿದೆ. ಮುಳ್ಳು ಎರಡರ ಗೆರೆ ದಾಟಿ ಒಂದೂವರೆ ಗೆರೆ ಮುಂದೆ ನಿಂತಿತು. ಐದು ಲೀಟರ್ ಆದಾಗ ಐದು ಕಿಲೋ ನಾನೂರು ಗ್ರಾಂ. ಎರಡನೆಯ ಕ್ಯಾನಿನ ಖಾಲಿ ತೂಕ ಕಳೆದು ಹತ್ತು ಲೀಟರ್ ಪೂರ್ತಿ ಮಾಡಿದೆ. ಹತ್ತು ಕಿಲೋ ಎಂಟು ನೂರು.

ಮೂರು ಸಲ ಇಳಿಸಿ ಮೂರು ಸಲ ಏರಿಸಿದೆ. ಮೂರೂ ಸಲ ಅದೇ.

"ತಕ್ಕಡಿ ಹೆಚ್ಚು ತೋರಿಸುತ್ತಿದೆ," ಎಂದೆ. "ಕಿಲೋಗೆ ಎಂಬತ್ತು ಗ್ರಾಂ. ಸಕ್ಕರೆ ಪೊಟ್ಟಣದಲ್ಲಿ ಅದು ಒಂದು ಗೆರೆಯೂ ಆಗದು. ಹತ್ತು ಕಿಲೋ ಮಗುವಿನಲ್ಲಿ ಮುಕ್ಕಾಲು ಕಿಲೋಗಿಂತ ಜಾಸ್ತಿ."

ಹಿಂದಿನ ತಗಡು ಬಿಚ್ಚಿದೆ. ಒಳಗಿದ್ದ ಸ್ಪ್ರಿಂಗು ಆ ತಕ್ಕಡಿಯದ್ದಲ್ಲ. ತಂತಿ ತೆಳ್ಳಗಿತ್ತು, ಬಣ್ಣವೂ ಬೇರೆ. ಪುಷ್ಪರಾಣಿ ಬಾಯಿ ತೆರೆದರು. ಬಿಕ್ಕಟ್ಟಿನ ಕಾಲದಲ್ಲಿ ಹಳೆಯ ಸ್ಪ್ರಿಂಗು ತುಂಡಾಗಿತ್ತಂತೆ. ಹೊರಗಿಂದ ಯಾವ ಸಾಮಾನೂ ಬರುತ್ತಿರಲಿಲ್ಲ. ದೋಣಿಗೆ ಎಣ್ಣೆ ಇಲ್ಲ, ಪೇಟೆಗೆ ಹೋಗುವಂತಿಲ್ಲ. ಮಕ್ಕಳ ತೂಕ ನಿಲ್ಲಬಾರದು ಎಂದು ಸೈಕಲ್ ರಿಪೇರಿ ಮಾಡುವ ತಮ್ಮನನ್ನು ಹಿಡಿದು ಅವನ ಹತ್ತಿರವಿದ್ದ ಸ್ಪ್ರಿಂಗು ಹಾಕಿಸಿದ್ದರು. ಸಕ್ಕರೆ ಪೊಟ್ಟಣದಿಂದ ಪರೀಕ್ಷಿಸುವ ಅಭ್ಯಾಸ ಶುರುವಾದದ್ದೂ ಅಂದೇ.

ನಿರೋಷನ್ ತಲೆ ತಗ್ಗಿಸಿದ. "ಮಿಸ್ಸಿ, ನಾವು ನಿಮ್ಮ ಬಗ್ಗೆ ಬೇರೆ ಥರ ಅಂದುಕೊಂಡಿದ್ವಿ. ತಪ್ಪಾಯಿತು."

ಅವರ ಮುಖ ಅರಳುತ್ತದೆ ಎಂದು ನಾನು ಕಾದೆ. ಗುಮಾನಿ ಕಳೆಯಿತಲ್ಲ. ಅವರು ನಿರೋಷನ್ ಮಾತನ್ನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ. ಬೀರುವಿನಿಂದ ರಿಜಿಸ್ಟರ್ ತೆಗೆದು ಮೇಜಿನ ಮೇಲೆ ಹರಡಿ, ಬೆರಳಿನಿಂದ ಒಂದೊಂದೇ ಸಾಲು ಇಳಿಯತೊಡಗಿದರು. ತೂಕ ಸಾಕಷ್ಟಿದ್ದ ಮಗುವಿಗೆ ಹಸಿರು, ಕಡಿಮೆಯಿದ್ದರೆ ಕಿತ್ತಳೆ.

"ಇದು ಹಸಿರು ಅಂತ ಬರೆದೆ. ಇದೂ ಹಸಿರು. ಇದೂ." ಬೆರಳು ನಿಂತಿತು. "ಇವರಿಗೆಲ್ಲ ನಾನೇ ಹೇಳಿದ್ದು, ಮಗು ಚೆನ್ನಾಗಿದೆ, ಹಿಟ್ಟು ಬೇಕಿಲ್ಲ ಅಂತ." ಕುರ್ಚಿಯಲ್ಲಿ ಕೂತು ಕೈಯಿಂದ ಬಾಯಿ ಮುಚ್ಚಿಕೊಂಡರು. "ನಾನು ಸುಳ್ಳು ಬರೆದಿದ್ದರೇ ಚೆನ್ನಾಗಿತ್ತು ಐಯಾ. ಆಗ ನನ್ನನ್ನು ಕೆಲಸದಿಂದ ತೆಗೆದುಬಿಡ್ತಿದ್ರು, ಅಷ್ಟೆ. ಇದು ಹೇಗೆ ಸರಿ ಮಾಡೋದು?"

ವಸುಧಾಗೆ ಫೋನ್ ಮಾಡಿದೆ. ಅವಳು ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದಳು: ಸ್ಪ್ರಿಂಗು ಬದಲಾದದ್ದು ಯಾವ ದಿನ?

ನಾನು ಆ ಪ್ರಶ್ನೆಯನ್ನು ತಮಿಳಿನಲ್ಲಿ ದಾಟಿಸುವಷ್ಟರಲ್ಲಿ ಪುಷ್ಪರಾಣಿ ಹಾಳೆ ಮಗುಚುತ್ತಿದ್ದರು. ಒಂದು ಪುಟದ ಅಂಚಿನಲ್ಲಿ, ಕೆಂಪು ಶಾಯಿಯಲ್ಲಿ, ಸಣ್ಣ ಅಕ್ಷರದಲ್ಲಿ ದಿನಾಂಕ ಹಾಕಿ ಬರೆದಿತ್ತು: ಇಂದು ಸ್ಪ್ರಿಂಗ್ ಬದಲಾಯಿಸಿದೆ.

ಅದನ್ನು ಓದಿ ಹೇಳಿದಾಗ ಆ ಕಡೆ ವಸುಧಾ ಕಿರುಚಿದ ಸದ್ದು ಮೂವರಿಗೂ ಕೇಳಿಸಿತು. "ಅಪ್ಪಾ! ಅವರಿಗೆ ಹೇಳಿ, ಒಂದು ಅಂಕಿಯೂ ಹಾಳಾಗಿಲ್ಲ. ಆ ದಿನದಿಂದ ಈಚೆಗೆ ಬರೆದಿರೋ ಒಂದೊಂದನ್ನೂ ತಿದ್ದಬಹುದು. ತಪ್ಪು ಎಷ್ಟು ಅಂತ ನಿಮಗೆ ಸಿಕ್ಕಿದೆ, ಯಾವಾಗಿಂದ ಅಂತ ಅವರು ಬರೆದಿದ್ದಾರೆ. ಕಟ್ಟಿ ಬರೆದಿದ್ದರೆ ಮಾತ್ರ ತಿದ್ದೋಕಾಗ್ತಿರಲಿಲ್ಲ. ಇದು ನಿಜವಾಗಿ ತೂಗಿ ಬರೆದದ್ದು, ಪುಳ್ಳಿಗೆ ಪುಳ್ಳಿ ಇದೆ."

ಪುಳ್ಳಿ ಎಂದರೆ ತಮಿಳಿನಲ್ಲಿ ಚುಕ್ಕಿ. ನೂರು ಗ್ರಾಮಿನವರೆಗೆ ಒಂದು ಚುಕ್ಕಿಯನ್ನೂ ಬಿಡದೆ ಬರೆದಿದ್ದರು ಆ ಹೆಂಗಸು. ಅವರಿಗೆ ನಾನು ಹೇಳಿದೆ. ಅವರು ಆ ಕೆಂಪು ಶಾಯಿಯ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದರು. ಆಮೇಲೆ ಕಣ್ಣೊರೆಸಿಕೊಂಡು ಹೊಸ ಹಾಳೆ ತೆಗೆದರು. "ಹೇಳಿ ಐಯಾ, ಹೇಗೆ ತಿದ್ದೋದು?"

ಸಂಜೆಯವರೆಗೆ ಮೂವರೂ ಕೂತು ಒಂದೊಂದು ತೂಕವನ್ನೂ ಒಂದು ದಶಾಂಶ ಸೊನ್ನೆ ಎಂಟರಿಂದ ಭಾಗಿಸಿದೆವು. ಹಸಿರಿನಿಂದ ಕಿತ್ತಳೆ ಬಣ್ಣಕ್ಕೆ ಇಳಿದ ಮಕ್ಕಳ ಹೆಸರುಗಳಿಂದ ಒಂದು ಪುಟ ತುಂಬಿತು. ನಿರೋಷನ್ ಅಲ್ಲಿಂದಲೇ ಫೋನ್ ಮಾಡಿ ಆ ದ್ವೀಪವನ್ನು ಹಿಟ್ಟಿನ ಪಟ್ಟಿಗೆ ಸೇರಿಸಿದ. ಅವನ ದನಿಯಲ್ಲಿ ಬೆಳಗಿನ ಉಸ್ತುವಾರಿಯ ಗತ್ತು ಇರಲಿಲ್ಲ. ಅಂಗಲಾಚುವವನ ಅವಸರ ಇತ್ತು.

ತೂಕದ ದಿನ

ಮರುದಿನ ಬೆಳಗಿನ ದೋಣಿಯಲ್ಲಿ ಪಕ್ಕದ ದ್ವೀಪದಿಂದ ಒಂದು ಸರಿಯಾದ ತಕ್ಕಡಿ ಬಂತು. ಅದನ್ನೂ ನೀರಿನಲ್ಲಿ ಪರೀಕ್ಷಿಸಿ ತೊಲೆಗೆ ಕಟ್ಟಿದೆ. ಪುಷ್ಪರಾಣಿ ಮನೆಮನೆಗೆ ಹೇಳಿಕಳಿಸಿದ್ದರು. ತಾಯಂದಿರು ಮಕ್ಕಳನ್ನೆತ್ತಿಕೊಂಡು ಬಂದು ಬೇವಿನ ಮರದ ಕೆಳಗೆ ಕೂತರು. ಯಂತ್ರ ಕೆಟ್ಟಿತ್ತು ಎಂದು ನಾನೇ ಹೇಳಿಬಿಡಲೇ ಎಂದು ಕೇಳಿದೆ. ಹೊರಗಿನವನ ಮಾತಿಗೆ ಜಗಳ ಕಡಿಮೆ. ಅವರು ಬೇಡ ಎಂದರು.

"ಚೆನ್ನಾಗಿದೆ ಅಂತ ಹೇಳಿದ ಬಾಯಿ ನನ್ನದು. ಇದನ್ನೂ ಅದೇ ಬಾಯಿ ಹೇಳಬೇಕು."

ನಿಂತುಕೊಂಡೇ ಹೇಳಿದರು. ಸ್ಪ್ರಿಂಗು, ಸಕ್ಕರೆ, ನೀರು, ಯಾವುದನ್ನೂ ಮುಚ್ಚಿಡಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಳು ಎದ್ದು ಮಗುವನ್ನು ತಂದಳು. ರಜನಿ ಎಂಬ ಆ ತಾಯಿಯ ಗಂಡ ಮೀನಿಗೆ ಹೋಗುವವನು; ಮಗಳು ಕೀರ್ತಿಕಾಗೆ ಆ ವಾರವಷ್ಟೇ ಎರಡು ತುಂಬಿತ್ತು. ಹಳೆಯ ತಕ್ಕಡಿಯಲ್ಲಿ ಅವಳದ್ದು ಒಂಬತ್ತು ಕಿಲೋ ನಾನೂರು ಎಂದು ಬರೆದಿತ್ತು. ಜೋಲಿಯಲ್ಲಿ ಕೂತ ಮಗು ಅಳಲಿಲ್ಲ, ಕೈಕಾಲು ಆಡಿಸಲಿಲ್ಲ. ಅದೇ ನನಗೆ ಒಳ್ಳೆಯದಾಗಿ ಕಾಣಲಿಲ್ಲ. ಮುಳ್ಳು ಎಂಟು ಕಿಲೋ ಏಳುನೂರರಲ್ಲಿ ನಿಂತಿತು.

ಪುಷ್ಪರಾಣಿ ಕಾರ್ಡಿನ ಮೇಲೆ ಚುಕ್ಕಿ ಇಟ್ಟರು. ಕಿತ್ತಳೆ ಪಟ್ಟಿಯಲ್ಲಿ.

"ಅಂದರೆ ಇಷ್ಟು ದಿನ?" ಎಂದಳು ರಜನಿ.

"ಇಷ್ಟು ದಿನ ನಾನು ಹೇಳಿದ್ದು ತಪ್ಪು."

ಈಗ ಕೂಗಾಡುತ್ತಾಳೆ ಎಂದುಕೊಂಡೆ. ಅವಳು ಮಗುವನ್ನು ಜೋಲಿಯಿಂದ ಎತ್ತಿ ಸೊಂಟಕ್ಕೆ ಏರಿಸಿಕೊಂಡಳು. ಅವಳ ದನಿ ಸಣ್ಣಗಾಯಿತು.

"ನನಗೆ ಗೊತ್ತಿತ್ತು ಮಿಸ್ಸಿ. ದೊಡ್ಡವನನ್ನು ಈ ವಯಸ್ಸಿನಲ್ಲಿ ಎತ್ತಿಕೊಂಡು ಅರ್ಧ ದಾರಿಗೆ ಕೈ ಸೋಲುತ್ತಿತ್ತು. ಇವಳನ್ನೆತ್ತಿಕೊಂಡು ದೋಣಿಕಟ್ಟೆಯವರೆಗೆ ಹೋಗಿ ಬಂದರೂ ಏನೂ ಅನ್ನಿಸ್ತಿರಲಿಲ್ಲ. ಆದರೆ ಕಾರ್ಡಿನಲ್ಲಿ ಹಸಿರು ಇತ್ತಲ್ಲ. ನನ್ನ ಕೈಗೇ ಏನೋ ಆಗಿದೆ ಅಂದ್ಕೊಂಡೆ."

ಅಷ್ಟು ಹೇಳಿ ಅತ್ತಳು. ಪುಷ್ಪರಾಣಿ ಅವಳ ಭುಜ ಹಿಡಿದುಕೊಂಡರು. ಅವರೂ ಅತ್ತರು. ಉಳಿದ ಹೆಂಗಸರು ಎದ್ದು ಬಂದರು. ಜಗಳಕ್ಕಲ್ಲ, ತಂತಮ್ಮ ಮಕ್ಕಳನ್ನು ತೂಗಿಸಲು. ಒಬ್ಬಳು ಮಾತ್ರ, ನನ್ನದು ಮೊದಲಿಂದಲೂ ಒಣಕಲೇ, ಅವಳಪ್ಪನ ಹಾಗೆ, ಎಂದಾಗ ಎಲ್ಲರೂ ನಕ್ಕರು. ಆ ನಗು ಆ ಬೆಳಗ್ಗೆ ಬಹಳ ಬೇಕಾಗಿತ್ತು.

ನಾನು ಮಧ್ಯಾಹ್ನದವರೆಗೆ ತಕ್ಕಡಿಯ ಪಕ್ಕದಲ್ಲೇ ನಿಂತೆ. ಮೂವತ್ತನಾಲ್ಕು ವರ್ಷ ನಾನು ತೂಗಿಸಿದ್ದು ಮಾವಿನ ಬುಟ್ಟಿ, ಬಟ್ಟೆಯ ಬೇಲು, ಮಂಜುಗಡ್ಡೆಯಲ್ಲಿಟ್ಟ ಮೀನು. ಅವು ಯಾವುವೂ ತಿರುಗಿ ನನ್ನನ್ನು ನೋಡಿರಲಿಲ್ಲ.

ಹೊರಡುವ ಮೊದಲು ಪುಷ್ಪರಾಣಿಗೆ ನೀರಿನ ಪರೀಕ್ಷೆ ಕಲಿಸಿದೆ. ಎರಡು ಸಲ ತಪ್ಪಿದರು, ಮೂರನೆಯ ಸಲ ನನ್ನನ್ನೇ ತಿದ್ದಿದರು. ನಾನು ಕೊಳವೆಯ ಗೆರೆಯನ್ನು ಮೇಲಿಂದ ಬಗ್ಗಿ ನೋಡುತ್ತಿದ್ದೆ. "ಕಣ್ಣಿನ ಮಟ್ಟಕ್ಕೆ ಹಿಡಿದು ವಡಿವಾ ನೋಡಿ ಐಯಾ," ಎಂದರು. ವಡಿವು ಎಂದರೆ ನಮ್ಮ ಚೆನ್ನೈ ತಮಿಳಿನಲ್ಲಿ ಆಕಾರ. ಅಲ್ಲಿ ಚೆಂದ, ಜಾಗ್ರತೆ ಎರಡಕ್ಕೂ ಅದೇ ಪದ. ಚೆನ್ನೈಗೆ ನಾನು ತಂದ ಸಾಮಾನಿನಲ್ಲಿ ತೂಕವಿಲ್ಲದ್ದು ಆ ಪದ ಒಂದೇ. ಚಟ್ನಿಪುಡಿ ಅವರ ಮನೆಯಲ್ಲೇ ಉಳಿಯಿತು. ಹಬೆಯಲ್ಲಿ ಬೇಯಿಸಿದ ಅಕ್ಕಿಹಿಟ್ಟಿನ ಪುಟ್ಟುವಿನ ಜೊತೆ ತಿನ್ನುತ್ತಾರಂತೆ. ಸುಮಿತ್ರಾಗೆ ಇನ್ನೂ ಹೇಳಿಲ್ಲ.

ರಾಯಪುರಂ

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಪುಷ್ಪರಾಣಿಯ ಫೋನ್ ಬಂತು. ಹಿಟ್ಟು ತಪ್ಪದೆ ಬರುತ್ತಿದೆ, ದೋಣಿ ನಿಂತ ಎರಡು ವಾರ ಬಿಟ್ಟರೆ. ಕೀರ್ತಿಕಾ ಒಂಬತ್ತು ಕಿಲೋ ಮುನ್ನೂರು.

"ಇನ್ನೂ ಹಸಿರಿಗೆ ಬಂದಿಲ್ಲ ಐಯಾ. ಗೆರೆ ಹತ್ತಿರ ಇದ್ದಾಳೆ. ಈಗ ಜೋಲಿಯಲ್ಲಿ ಕೂರಿಸಿದರೆ ಒದೀತಾಳೆ, ಮುಳ್ಳು ನಿಲ್ಲೋದೇ ಇಲ್ಲ."

"ಅದು ಒಳ್ಳೆ ತೊಂದರೆ," ಎಂದೆ.

ಪಟ್ಟಿಯಲ್ಲಿದ್ದ ಎಲ್ಲ ಮಕ್ಕಳೂ ಏರಿಲ್ಲ. ಇಬ್ಬರನ್ನು ಜಾಫ್ನಾದ ಆಸ್ಪತ್ರೆಗೆ ತೋರಿಸಿದ್ದಾರೆ. ಅವರಿಗೆ ಬೇರೆ ಕಾಯಿಲೆ ಇತ್ತಂತೆ, ತೂಕ ಸರಿಯಾಗಿ ಕಂಡದ್ದರಿಂದ ಅದೂ ಕಂಡಿತು. ನಿರೋಷನ್ ಈಗ ಪ್ರತಿ ದ್ವೀಪಕ್ಕೂ ಎರಡು ಕ್ಯಾನು, ಒಂದು ಕೊಳವೆ ಕಳಿಸುತ್ತಿದ್ದಾನೆ. ವಸುಧಾ ಆಫೀಸಿನಲ್ಲಿ ಅಂಕಿ ವಿಚಿತ್ರವಾಗಿ ಕಂಡರೆ ಮೊದಲು ತಕ್ಕಡಿಯ ವಯಸ್ಸು ಕೇಳುತ್ತಾಳೆ.

ನನಗೂ ಒಂದು ಕೆಲಸ ಹಚ್ಚಿದ್ದಾಳೆ. ವಾರಕ್ಕೊಮ್ಮೆ ಯಾವುದಾದರೂ ಬಾಲವಾಡಿಗೆ ಹೋಗಿ ತಕ್ಕಡಿ ನೋಡಿಕೊಡುವುದು. ಮೊದಲು ಹೋದದ್ದು ರಾ‌ಯಪುರದ ಮೀನುಗಾರರ ಓಣಿಗೆ. ಇಲ್ಲಿ ವಿಮಾನದ ಮಿತಿ ಇಲ್ಲದ್ದರಿಂದ ಬಟ್ಟುಗಳ ಚೀಲವನ್ನು ಆಟೋದಲ್ಲಿ ಹಾಕಿಕೊಂಡು ಹೋದೆ. ತಕ್ಕಡಿ ಸರಿಯಾಗಿಯೇ ಇತ್ತು. ಟೀಚರಮ್ಮ ರಿಜಿಸ್ಟರ್ ತೆರೆದು, ಸಾಲಿನಲ್ಲಿ ಮೊದಲು ನಿಂತಿದ್ದ ಹೆಂಗಸನ್ನು ಕರೆದರು. ಮೀನು ಮಾರಿ ನೇರ ಬಂದವಳು, ಸೊಂಟದಲ್ಲಿ ಮೊಮ್ಮಗಳು. ಅವಳು ಮಗುವನ್ನು ಕೊಡಲಿಲ್ಲ.

"ಇರು ತಾತಾ," ಎಂದಳು. "ನಾನು ದಿನಾ ತೂಗೋಳು. ಯಾರ್ಯಾರು ಎಲ್ಲೆಲ್ಲಿ ಬೆರಳು ಇಡ್ತಾರೆ ಅಂತ ನನಗೆ ಗೊತ್ತು. ಮೊದಲು ನನಗೆ ತೋರಿಸು."

ನಾನು ಐದು ಕಿಲೋ ಬಟ್ಟು ಇಟ್ಟೆ. ಅವಳು ಬಗ್ಗಿ ಅಂಕಿ ನೋಡಿದಳು. ಹತ್ತು ಇಡು ಎಂದಳು. ಹತ್ತು ಇಟ್ಟೆ. ತಕ್ಕಡಿಯನ್ನು ಒಂದು ಸುತ್ತು ಹಾಕಿ, ಅಡಿಗೆ ಕೈ ಹಾಕಿ ಸವರಿ, ಬಟ್ಟನ್ನು ತಾನೇ ಎತ್ತಿ ಕೈಯಲ್ಲಿ ತೂಗಿ ನೋಡಿದಳು. ಸಾಲಿನಲ್ಲಿದ್ದವರು ಬೇಗ ಅಕ್ಕಾ ಎಂದು ಕೂಗಿದರು. ಅವಳು ತಿರುಗಿ ನೋಡಲಿಲ್ಲ. ಆಮೇಲೆ ಮೊಮ್ಮಗಳ ಚಪ್ಪಲಿ ಬಿಚ್ಚಿ, ಕೈಯಲ್ಲಿದ್ದ ಬಿಸ್ಕತ್ತು ಕಿತ್ತುಕೊಂಡು, ತಕ್ಕಡಿಯ ಮೇಲೆ ನಿಲ್ಲಿಸಿದಳು. ಮಗು ಬಿಸ್ಕತ್ತಿಗಾಗಿ ಅತ್ತು, ಆಮೇಲೆ ತನ್ನ ಕಾಲ್ಬೆರಳು ನೋಡಿಕೊಂಡು ಸುಮ್ಮನಾಯಿತು. ಅಂಕಿ ನಿಂತಿತು.

ಅವಳು ಟೀಚರಮ್ಮನ ಕಡೆ ತಿರುಗಿ ತಲೆಯಾಡಿಸಿದಳು.

"ಹೂಂ, ಈಗ ಬರ್ಕೋ."